ಪೆಟ್ರೋಲ್ ವಿಮಾನದ ಬ್ಯಾಟರಿ, ಸ್ವಿಚ್: ನಾಲ್ಕು ವರ್ಷ ಹಾರಿಸಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಡಬ್ಬಿ ಬಿಚ್ಚಿದ ದಿನವೇ ಬರೆದ ವಿಮರ್ಶೆ ಅಲ್ಲ. ನನ್ನ 35 ಸಿಸಿ ಪೆಟ್ರೋಲ್ ಇಂಜಿನ್ನಿನ ಆರ್‌ಸಿ ವಿಮಾನದಲ್ಲಿ (ನೆಲದ ಮೇಲೆ ನಿಂತು ರೇಡಿಯೊದಿಂದ ಹಾರಿಸುವ ಮಾದರಿ ವಿಮಾನ) ಈಗಿರುವ ಬ್ಯಾಟರಿ, ಸ್ವಿಚ್‌ಗಳ ಜೋಡಣೆಗೆ ನಾಲ್ಕು ವರ್ಷ ತುಂಬಿತು. ಇನ್ನೂರಕ್ಕೂ ಜಾಸ್ತಿ ಸಲ ಹಾರಿದೆ. ಒಂದು ಸಲ ಲ್ಯಾಂಡಿಂಗ್ ಗೇರ್ ಕಿತ್ತುಕೊಂಡಿದೆ, ಅದು ನನ್ನ ತಪ್ಪು, ಬ್ಯಾಟರಿಯದ್ದಲ್ಲ.

ಈಗ ಒಳಗಿರುವುದು ಇಷ್ಟು. ರಿಸೀವರ್‌ಗೆ, ಅಂದರೆ ನನ್ನ ಕೈಯಲ್ಲಿರುವ ರೇಡಿಯೊ ಕಳಿಸುವ ಅಪ್ಪಣೆ ಹಿಡಿಯುವ ಪೆಟ್ಟಿಗೆಗೆ, ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಎರಡು, ಬಾಯಿಮಾತಿಗೆ ಲೈಫೆ ಅನ್ನುತ್ತೇವಲ್ಲ, ಅದೇ. ಒಂದೊಂದರಲ್ಲಿ ಎರಡು ಸೆಲ್, 1100 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ), ತೂಕ ಸುಮಾರು 90 ಗ್ರಾಂ. ಒಂದು ಪ್ಯಾಕ್‌ಗೆ ಎಲೆಕ್ಟ್ರಾನಿಕ್ ಸ್ವಿಚ್, ಇನ್ನೊಂದಕ್ಕೆ ದಪ್ಪ ತಂತಿಯ ಮಾಮೂಲಿ ಜಾರುವ ಮೆಕ್ಯಾನಿಕಲ್ ಸ್ವಿಚ್. ಇಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್‌ಗೆ ಬೇರೆಯೇ ಬ್ಯಾಟರಿ, ನಾಲ್ಕು ಸೆಲ್‌ನ ನಿಕಲ್ ಮೆಟಲ್ ಹೈಡ್ರೈಡ್, ಅದರ ನಡುವೆ ನೆಲದಿಂದಲೇ ಇಂಜಿನ್ ನಿಲ್ಲಿಸಲು ಆಪ್ಟಿಕಲ್ ಕಿಲ್ ಸ್ವಿಚ್.

ಇದಕ್ಕೆ ಮೊದಲು ಇದ್ದದ್ದು ಐದು ಸೆಲ್‌ನ ನಿಕಲ್ ಪ್ಯಾಕ್ ಒಂದು, ರೇಡಿಯೊ ಜೊತೆ ಡಬ್ಬಿಯಲ್ಲೇ ಬಂದಿದ್ದ ಪುಟ್ಟ ಸ್ವಿಚ್ ಒಂದು. ಇಂಜಿನ್ ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು ನಾನು. ಸ್ವಿಚ್ ಬಗ್ಗೆ ಒಂದು ನಿಮಿಷ ಯೋಚಿಸಲಿಲ್ಲ. ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ಒಂದು ಸಂಜೆ ಎರಡನೇ ಹಾರಾಟ, ಲೂಪ್ ಮುಗಿಸಿ ಕೆಳಗೆ ಬರುವಾಗ ವಿಮಾನ ಅರ್ಧ ಕ್ಷಣ ನನ್ನ ಮಾತು ಕೇಳಲಿಲ್ಲ. ನನ್ನ ಕೈಯೇ ತಪ್ಪಿತೇನೋ ಅಂದುಕೊಂಡೆ. ತಿರುಗಿಸುವಾಗ ಮತ್ತೆ ಹಾಗೇ ಆಯಿತು. ಜೀವ ಬಾಯಿಗೆ ಬಂತು. ಹೇಗೋ ಇಳಿಸಿದೆ.

ಮನೆಗೆ ಬಂದು ನೋಡಿದರೆ ಪ್ಯಾಕ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇತ್ತು. ಸ್ವಿಚ್ ದಾಟಿದ ಮೇಲಿನ ತಂತಿಗೆ ಮಲ್ಟಿಮೀಟರ್ ಹಚ್ಚಿ, ಸರ್ವೊಗಳನ್ನು (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರುಗಳು) ಓಡಿಸುತ್ತಾ, ಸ್ಕ್ರೂಡ್ರೈವರ್ ಹಿಡಿಯಿಂದ ಸ್ವಿಚ್ ಮೇಲೆ ಮೆಲ್ಲಗೆ ತಟ್ಟಿದೆ. ವೋಲ್ಟೇಜ್ ಕುಣಿಯತೊಡಗಿತು. ಬಿಚ್ಚಿದರೆ ಒಳಗೆ ಎಣ್ಣೆ, ಮಸಿ. ತಾಗಬೇಕಾದ ತಗಡುಗಳು ಸವೆದು ಕಪ್ಪಾಗಿದ್ದವು. ನಾನು ಅದನ್ನು ಕೂರಿಸಿದ್ದೇ ಸೈಲೆನ್ಸರ್ ಇರುವ ಬದಿಗೆ, ಪೆಟ್ರೋಲಿಗೆ ಬೆರೆಸಿದ ಟೂ ಸ್ಟ್ರೋಕ್ ಆಯಿಲ್ ಹೊಗೆಯ ಜೊತೆ ಬಂದು ನೇರ ಅದರ ಮೇಲೇ ಬೀಳುತ್ತಿತ್ತು. ಎರಡು ವರ್ಷ ಅದು ಹೇಗೆ ಬಾಳಿತು ಅನ್ನುವುದೇ ಆಶ್ಚರ್ಯ.

ಬ್ಯಾಟರಿಯಿಂದ ಚಲಿಸುವ ವಿಮಾನ ಹಾರಿಸಿ ಬಂದವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ, ನನಗೂ ಹೋಗಿರಲಿಲ್ಲ. ಒಂದೇ ಸಿಲಿಂಡರಿನ ಪೆಟ್ರೋಲ್ ಇಂಜಿನ್ ಇಡೀ ಮೈಯನ್ನು ಅದುರಿಸುತ್ತದೆ. ಆ ಅದುರಾಟದಲ್ಲಿ ಸ್ವಿಚ್‌ನ ತಗಡು, ಪ್ಲಗ್‌ನ ಪಿನ್, ಬೆಸುಗೆ ಎಲ್ಲವೂ ದಿನ ದಿನ ಸ್ವಲ್ಪ ಸ್ವಲ್ಪ ಸವೆಯುತ್ತವೆ. 2.4 ಗಿಗಾಹರ್ಟ್ಸ್ ರಿಸೀವರ್ ಬೇರೆ ಒಳಗಿರುವ ಪುಟ್ಟ ಕಂಪ್ಯೂಟರ್ ಇದ್ದ ಹಾಗೆ. ವೋಲ್ಟೇಜ್ ಸುಮಾರು 3.5ರ ಆಸುಪಾಸಿಗೆ ಒಂದು ಕ್ಷಣ ಕುಸಿದರೂ ಸಾಕು, ಆಫ್ ಆಗಿ ಮತ್ತೆ ಮೊದಲಿಂದ ಏಳುತ್ತದೆ. ಏಳುವ ತನಕ ವಿಮಾನ ದೇವರ ಪಾಲು.

ಈಗ ಬ್ಯಾಟರಿ ಮಾತು. ಎಲ್ಲರೂ ಮೊದಲು ಕೇಳುವುದು ಎಷ್ಟು ಎಂಎಎಚ್ ಅಂತ. ನನ್ನ ವಿಮಾನದಲ್ಲಿ ಆರು ಸರ್ವೊ ಇವೆ. ಹತ್ತು ನಿಮಿಷ ಹಾರಿಸಿ ಬಂದರೆ ಚಾರ್ಜರ್ ಎರಡೂ ಪ್ಯಾಕ್‌ಗೆ ಸೇರಿ ವಾಪಸ್ ತುಂಬುವುದು ಸುಮಾರು 180 ಎಂಎಎಚ್. ಅಂದರೆ ಸರಾಸರಿ ಒಂದು ಆಂಪಿಯರ್‌ಗಿಂತ ಚೂರು ಜಾಸ್ತಿ ಅಷ್ಟೇ. ಹಾಗಾದರೆ ಚಿಕ್ಕ ಪ್ಯಾಕ್ ಸಾಕಲ್ವಾ? ಹೊತ್ತಿನ ಲೆಕ್ಕಕ್ಕೆ ಸಾಕು. ಆದರೆ ಜೋರಾಗಿ ಸ್ಟಿಕ್ ಎಳೆದಾಗ ನಾಲ್ಕೈದು ಸರ್ವೊ ಒಟ್ಟಿಗೆ ಕರೆಂಟ್ ಕೇಳುತ್ತವೆ, ಆ ಗಳಿಗೆಯಲ್ಲಿ ಐದಾರು ಆಂಪಿಯರ್ ಬೇಕು. ಹಳೇ ನಿಕಲ್ ಪ್ಯಾಕ್, ತೆಳ್ಳನೆ ತಂತಿ, ಸವೆದ ಸ್ವಿಚ್ ಎಲ್ಲ ಸೇರಿ ಕಾಲು ಓಮ್ ಅಡ್ಡಿ ಇದೆ ಅಂದುಕೊಳ್ಳಿ. 6 ಆಂಪಿಯರ್ ಎಳೆದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಮಾಯ. 6 ಇದ್ದದ್ದು ರಿಸೀವರ್ ಮುಟ್ಟುವಾಗ 4.5. ಅದರ ಮೇಲೆ ಸ್ವಿಚ್ ಒಂದು ಸಲ ಅದುರಿದರೆ ಕಥೆ ಮುಗಿಯಿತು. ಹಾಗಾಗಿ ಪ್ಯಾಕ್ ಎಷ್ಟು ಹೊತ್ತು ಬರುತ್ತೆ ಅನ್ನುವುದಕ್ಕಿಂತ, ಕೇಳಿದ ಕೂಡಲೇ ಕುಸಿಯದೆ ಕೊಡುತ್ತಾ ಅನ್ನುವುದನ್ನು ನೋಡಿ ಆರಿಸಬೇಕು.

ಲೈಫೆ ಸೆಲ್‌ಗಳು ಈ ವಿಷಯದಲ್ಲಿ ಗಟ್ಟಿ. ಒಂದು ಸೆಲ್ 3.3 ವೋಲ್ಟ್, ಎರಡಕ್ಕೆ 6.6. ತುಂಬಿದಾಗ 7.2ರ ತನಕ ಹೋದರೂ ಸ್ವಲ್ಪ ಎಳೆದ ಕೂಡಲೇ 6.6ಕ್ಕೆ ಬಂದು ಅಲ್ಲೇ ಕೂರುತ್ತದೆ. ನಡುವೆ ವೋಲ್ಟೇಜ್ ಇಳಿಸಿ ಕೊಡುವ ರೆಗ್ಯುಲೇಟರ್ ಬೇಕಿಲ್ಲ, ನಾನು ಇದನ್ನು ಆರಿಸಿದ್ದೇ ಅದಕ್ಕೆ. ಲಿಥಿಯಂ ಪಾಲಿಮರ್ ಅಥವಾ ಲಿಥಿಯಂ ಅಯಾನ್ ಎರಡು ಸೆಲ್ ತುಂಬಿದರೆ 8.4 ವೋಲ್ಟ್, 6 ವೋಲ್ಟಿನ ಸರ್ವೊಗಳಿಗೆ ಅದು ಹೆಚ್ಚಾಯಿತು, ರೆಗ್ಯುಲೇಟರ್ ಹಾಕಲೇಬೇಕು. ಆ ರೆಗ್ಯುಲೇಟರ್ ಬಿಸಿಯಾಗುತ್ತೆ, ಕೆಡುತ್ತೆ, ಅದು ಕೆಟ್ಟರೆ ಎರಡು ಬ್ಯಾಟರಿ ಇದ್ದೂ ಪ್ರಯೋಜನವಿಲ್ಲ. ನಿಮ್ಮ ಸರ್ವೊ ಎಲ್ಲವೂ, ಇಂಜಿನ್ ವೇಗ ಏರಿಸಿ ಇಳಿಸುವ ಥ್ರಾಟಲಿನದ್ದೂ ಸೇರಿ, ಆ 8.4 ತಡೆಯುವ ಹೈ ವೋಲ್ಟೇಜ್ ನಮೂನೆ ಆಗಿದ್ದರೆ ಮಾತು ಬೇರೆ. ಆಗ ಅದೇ ತೂಕಕ್ಕೆ ಲಿಥಿಯಂ ಅಯಾನ್‌ನಲ್ಲಿ ಎಂಎಎಚ್ ಜಾಸ್ತಿ ಸಿಗುತ್ತದೆ.

6.6 ಕೂಡ ಹಳೇ ಸರ್ವೊಗೆ ಹೆಚ್ಚಲ್ವಾ ಅಂತ ನನಗೂ ಅಳುಕಿತ್ತು. ಐದು ಸೆಲ್‌ನ ನಿಕಲ್ ಪ್ಯಾಕ್ ಆಗಷ್ಟೇ ಚಾರ್ಜ್ ಆಗಿದ್ದರೆ ಅದೂ 7 ವೋಲ್ಟ್ ಮುಟ್ಟುತ್ತೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನದರಲ್ಲಿ ಥ್ರಾಟಲ್ ಸರ್ವೊ ಒಂದೇ ತಕರಾರು ತೆಗೆದದ್ದು, ಚಾರ್ಜರಿನಿಂದ ಬಿಚ್ಚಿದ ಮೊದಲ ಐದು ನಿಮಿಷ ಸುಮ್ನೆ ಗಡಗಡ ನಡುಗುತ್ತಿತ್ತು. ಬದಲಾಯಿಸಿದೆ. ಉಳಿದ ಐದೂ ಇವತ್ತಿಗೂ ಅವೇ.

ಇನ್ನು ಲೈಫೆಯ ಮೇಲೆ ನನ್ನ ದೊಡ್ಡ ದೂರು. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದೇ ಇಲ್ಲ. ಮುಕ್ಕಾಲು ಇದ್ದಾಗಲೂ 6.6, ಕಾಲು ಇದ್ದಾಗಲೂ ಹೆಚ್ಚು ಕಡಿಮೆ 6.6, ಆಮೇಲೆ ಬಂಡೆ ಅಂಚಿನಿಂದ ಬಿದ್ದ ಹಾಗೆ ಬೀಳುತ್ತದೆ. ರೇಡಿಯೊದಲ್ಲಿ ವೋಲ್ಟೇಜ್ ಅಲಾರಂ ಇಟ್ಟುಕೊಂಡು ನಿಶ್ಚಿಂತೆಯಾಗಿರುವವರು ಇದನ್ನು ಓದಿಕೊಳ್ಳಿ: ಅದು ಕೂಗುವ ಹೊತ್ತಿಗೆ ನಿಮಗೆ ಉಳಿದಿರುವ ಸಮಯ ಬಹಳ ಕಡಿಮೆ. ನಾನು ಹಾರಾಟ ಎಣಿಸುತ್ತೇನೆ. ಐದು ಹಾರಾಟಕ್ಕೆ 900 ಎಂಎಎಚ್, ಇರುವುದು 2200, ಐದಾದ ಮೇಲೆ ಹಾರಿಸುವುದಿಲ್ಲ. ಚಾರ್ಜರ್ ವಾಪಸ್ ಎಷ್ಟು ತುಂಬಿತು ಅಂತ ಪ್ರತಿ ಸಲ ಒಂದು ಚೀಟಿಯಲ್ಲಿ ಬರೆಯುತ್ತೇನೆ. ಒಂದು ದಿನ ಅದು ಮಾಮೂಲಿಗಿಂತ ತುಂಬಾ ಜಾಸ್ತಿ ತೋರಿಸಿತು, ಹುಡುಕಿದರೆ ಮೂತಿ ಏರಿಸಿ ಇಳಿಸುವ ಎಲಿವೇಟರಿನ ಎರಡು ಸರ್ವೊ ಒಂದನ್ನೊಂದು ಎಳೆದಾಡುತ್ತಿದ್ದವು. ಚೀಟಿ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಚಾರ್ಜರ್ ಬಗ್ಗೆ ಒಂದೇ ಮಾತು: ಲೈಫೆ ಮೋಡ್‌ನಲ್ಲೇ ಇಡಿ. ಒಂದು ಸೆಲ್‌ಗೆ 3.6 ವೋಲ್ಟ್‌ಗೆ ನಿಲ್ಲಬೇಕು, ಲಿಥಿಯಂ ಪಾಲಿಮರ್ ಮೋಡ್ 4.2ರ ತನಕ ಎಳೆದು ಪ್ಯಾಕ್ ಕೊಂದು ಹಾಕುತ್ತದೆ.

ಸ್ವಿಚ್‌ಗೆ ಬರೋಣ. ಎಲೆಕ್ಟ್ರಾನಿಕ್ ಸ್ವಿಚ್‌ನಲ್ಲಿ ಕರೆಂಟ್ ಹೋಗುವುದು ನೀವು ಒತ್ತುವ ಬಟನ್ ಮೂಲಕ ಅಲ್ಲ, ಒಳಗಿರುವ ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಬಿಡಿಭಾಗದ ಮೂಲಕ. ಬಟನ್ ಬರೀ ಅಪ್ಪಣೆ ಕೊಡುತ್ತೆ. ಒಂದಕ್ಕೊಂದು ತಾಗಿ ಸವೆಯುವ ತಗಡು ಇಲ್ಲದ ಕಾರಣ ಅದುರಾಟ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಕೊಳ್ಳುವಾಗ ಒಂದು ವಿಷಯ ಕೇಳಲೇಬೇಕು: ಬಟನ್ ಕೆಟ್ಟರೆ, ಅದರ ತಂತಿ ತುಂಡಾದರೆ, ಸ್ವಿಚ್ ಆನ್ ಆಗಿ ಉಳಿಯುತ್ತಾ ಇಲ್ಲ ಆಫ್ ಆಗುತ್ತಾ? ನನ್ನದನ್ನು ಮೇಜಿನ ಮೇಲೆ ಆನ್ ಮಾಡಿ ಬಟನ್ ಪ್ಲಗ್ ಕಿತ್ತು ನೋಡಿದೆ. ಸರ್ವೊಗಳು ಏನೂ ಆಗದ ಹಾಗೆ ಓಡಾಡುತ್ತಿದ್ದವು. ಆಮೇಲೇ ವಿಮಾನಕ್ಕೆ ಹಾಕಿದ್ದು.

ಇಗ್ನಿಷನ್ ಕಡೆ ಇದು ಪೂರ್ತಿ ಉಲ್ಟಾ. ರಿಸೀವರ್ ಸ್ವಿಚ್ ಕೆಟ್ಟರೆ ಆನ್ ಆಗಿಯೇ ಕೆಡಬೇಕು, ಇಗ್ನಿಷನ್ ಸ್ವಿಚ್ ಕೆಟ್ಟರೆ ಆಫ್ ಆಗಿ ಕೆಡಬೇಕು. ಇಂಜಿನ್ ನಿಂತರೆ ತೇಲಿಸಿಕೊಂಡು ಇಳಿಸಬಹುದು. ನಿಲ್ಲದ ಇಂಜಿನ್ ಮುಂದೆ ಕೈ ಇಡಲು ಆಗಲ್ಲ. ಇಗ್ನಿಷನ್ ಆನ್ ಇದ್ದರೆ ಪ್ರೊಪೆಲ್ಲರನ್ನು ಕೈಯಲ್ಲಿ ಸುಮ್ನೆ ತಿರುಗಿಸಿದರೂ ಇಂಜಿನ್ ಹೊತ್ತಿಕೊಳ್ಳಬಹುದು, ಬೆರಳು ಹೋಗುತ್ತೆ. ಒಂದೇ ನಮೂನೆಯ ಸ್ವಿಚ್ ಎರಡು ಕೊಂಡು ಎರಡೂ ಕಡೆ ಹಾಕುವವರನ್ನು ನೋಡಿದ್ದೇನೆ, ಅದನ್ನು ಮಾತ್ರ ಮಾಡಬೇಡಿ.

ಆಪ್ಟಿಕಲ್ ಕಿಲ್ ಸ್ವಿಚ್ ಅಂದರೆ ರಿಸೀವರ್ ಮತ್ತು ಇಗ್ನಿಷನ್ ನಡುವೆ ಸಂದೇಶ ತಂತಿಯಲ್ಲಿ ಅಲ್ಲ, ಬೆಳಕಿನಲ್ಲಿ ಹೋಗುತ್ತೆ. ಸ್ಪಾರ್ಕ್ ಎಬ್ಬಿಸುವ ವಿದ್ಯುತ್ ಗಲಾಟೆ ತಂತಿ ಹಿಡಿದು ರಿಸೀವರ್ ತನಕ ಬರಲು ದಾರಿಯೇ ಇಲ್ಲ. ಇದರ ಬೆಲೆ ಮೂರನೇ ವರ್ಷ ಗೊತ್ತಾಯಿತು. ಹಾರುತ್ತಿರುವಾಗ ಥ್ರಾಟಲ್ ಕಡ್ಡಿ ಕಳಚಿಕೊಂಡು ಇಂಜಿನ್ ಅರ್ಧ ವೇಗದಲ್ಲೇ ಸಿಕ್ಕಿಕೊಂಡು ಓಡತೊಡಗಿತು, ಏರಿಸಿದರೂ ಇಲ್ಲ ಇಳಿಸಿದರೂ ಇಲ್ಲ. ಕಿಲ್ ಸ್ವಿಚ್ ಇಲ್ಲದಿದ್ದರೆ ಟ್ಯಾಂಕ್ ಖಾಲಿಯಾಗುವ ತನಕ ಸುತ್ತಬೇಕಿತ್ತು. ಒಂದು ಸುತ್ತು ಹಾಕಿ, ಎತ್ತರ ನೋಡಿಕೊಂಡು, ರೇಡಿಯೊದಲ್ಲಿ ಸ್ವಿಚ್ ತಟ್ಟಿದೆ. ಸದ್ದು ನಿಂತಿತು, ತೇಲಿಕೊಂಡು ಬಂದು ಇಳಿಯಿತು. ಸಿಗ್ನಲ್ ಹೋದರೂ ಇಗ್ನಿಷನ್ ಆಫ್ ಆಗುವ ಹಾಗೆ ಫೇಲ್‌ಸೇಫ್ ಇಟ್ಟಿದ್ದೇನೆ, ನೆಲದ ಮೇಲೆ ರೇಡಿಯೊ ಆಫ್ ಮಾಡಿ ಅದನ್ನು ಪರೀಕ್ಷಿಸಿಯೂ ಇದ್ದೇನೆ. ಇಗ್ನಿಷನ್ ಮಾಡ್ಯೂಲ್ ಎಷ್ಟು ವೋಲ್ಟ್ ತಡೆಯುತ್ತೆ ಅಂತ ಅದರ ಮೇಲಿನ ಚೀಟಿ ಓದಿ. ನನ್ನದು ಹಳೆಯದು, 6 ವೋಲ್ಟ್ ದಾಟುವ ಹಾಗಿಲ್ಲ, ಅದಕ್ಕೇ ಅಲ್ಲಿ ಇನ್ನೂ ನಿಕಲ್ ಪ್ಯಾಕ್.

ಎಲೆಕ್ಟ್ರಾನಿಕ್ ಸ್ವಿಚ್‌ನ ಕೆಟ್ಟ ಗುಣವನ್ನೂ ಹೇಳಬೇಕು. ಆಫ್ ಇದ್ದಾಗಲೂ ಅದು ಸ್ವಲ್ಪ ಸ್ವಲ್ಪ ಕರೆಂಟ್ ಹೀರುತ್ತಲೇ ಇರುತ್ತದೆ. ಅದು ಗೊತ್ತಿದ್ದೂ, ಎರಡನೇ ವರ್ಷ ಮಳೆಗಾಲದಲ್ಲಿ ಹಾರಾಟ ನಿಂತಾಗ ಬ್ಯಾಟರಿ ಪ್ಲಗ್ ಬಿಚ್ಚದೆ ವಿಮಾನವನ್ನು ಮೂಲೆಗೆ ಒರಗಿಸಿದೆ. ತಿಂಗಳುಗಳ ಮೇಲೆ ನೋಡಿದರೆ ಒಂದು ಸೆಲ್ 2 ವೋಲ್ಟ್‌ಗಿಂತ ಕೆಳಗೆ. ಮೆಲ್ಲಗೆ ಚಾರ್ಜ್ ಮಾಡಿ ಎಬ್ಬಿಸಿದೆ, ಆದರೆ ಪೂರ್ತಿ ಇಳಿಸಿ ಅಳೆದಾಗ 1100 ಇದ್ದದ್ದು 870 ಆಗಿತ್ತು. ಶೇಕಡಾ 80ಕ್ಕಿಂತ ಕೆಳಗೆ ಹೋದ ಪ್ಯಾಕನ್ನು ನಾನು ಹಾರಿಸುವುದಿಲ್ಲ. ಹೊಟ್ಟೆ ಉರಿಯಿತು, ಆದರೂ ಹೊಸದು ತಂದೆ. ಮೆಕ್ಯಾನಿಕಲ್ ಸ್ವಿಚ್ ಕಡೆಯ ಪ್ಯಾಕ್ ಮಾತ್ರ ಮೊದಲ ದಿನದ್ದೇ, ಮೊನ್ನೆ ಅಳೆದಾಗ 1010 ಬಂತು.

ಎರಡು ಬ್ಯಾಟರಿ, ಎರಡು ಸ್ವಿಚ್ ಇದ್ದರೆ ನೆಮ್ಮದಿ ಅಂದುಕೊಂಡಿದ್ದೆ. ಅದರಲ್ಲೊಂದು ಮೋಸವೂ ಇದೆ. ಎರಡೂ ಆನ್ ಇದ್ದಾಗ ಒಂದು ಸತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ, ಎಲ್ಲಾ ಸರಿಯಾಗೇ ಓಡುತ್ತಿರುತ್ತದೆ. ನಾನು ಒಂದು ಇಡೀ ದಿನ ಹಾಗೇ ಹಾರಿಸಿದ್ದೇನೆ. ಮನೆಯಲ್ಲಿ ಚಾರ್ಜ್ ಮಾಡುವಾಗ ಒಂದು ಪ್ಯಾಕ್ 20 ಎಂಎಎಚ್ ಕೂಡ ತಗೊಳ್ಳಲಿಲ್ಲ, ಇನ್ನೊಂದು 700 ಕುಡಿಯಿತು. ಮೆಕ್ಯಾನಿಕಲ್ ಸ್ವಿಚ್‌ನಿಂದ ರಿಸೀವರ್‌ಗೆ ಹೋಗುವ ಪ್ಲಗ್ ಅರ್ಧ ಜಾರಿ ಬಂದಿತ್ತು. ಈಗ ಪ್ರತಿ ಹಾರಾಟಕ್ಕೆ ಮೊದಲು ಒಂದನ್ನೇ ಆನ್ ಮಾಡಿ ಸ್ಟಿಕ್ ಜೋರಾಗಿ ಆಡಿಸಿ ನೋಡುತ್ತೇನೆ, ಅದನ್ನು ಆಫ್ ಮಾಡಿ ಇನ್ನೊಂದನ್ನು ನೋಡುತ್ತೇನೆ, ಆಮೇಲೆ ಎರಡೂ. ಪ್ಲಗ್‌ಗಳಿಗೆ ಲಾಕ್ ಕ್ಲಿಪ್ ಹಾಕಿದ್ದೇನೆ. ಇಪ್ಪತ್ತು ಸೆಕೆಂಡ್ ಕೆಲಸ.

ಕೂರಿಸುವ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಪ್ಯಾಕ್‌ಗೆ ಸುತ್ತಲೂ ಮೆತ್ತನೆ ಫೋಮ್, ಮೇಲೆ ವೆಲ್ಕ್ರೋ ಪಟ್ಟಿ. ಸ್ವಿಚ್‌ಗಳು ಸೈಲೆನ್ಸರ್ ಇಲ್ಲದ ಬದಿಗೆ. ಇಗ್ನಿಷನ್ ಸಾಮಾನು ಮುಂದೆ, ರಿಸೀವರ್ ಹಿಂದೆ, ನಡುವೆ ಕನಿಷ್ಠ ಒಂದು ಅಡಿ. ತಂತಿ ಪ್ಲೈವುಡ್ ತೂತಿನಲ್ಲಿ ಹಾದು ಹೋಗುವ ಕಡೆ ರಬ್ಬರ್ ಬಳೆ ಹಾಕಿ, ನನ್ನದರಲ್ಲಿ ಆ ಅಂಚು ತಂತಿಯ ಹೊದಿಕೆಯನ್ನು ತಾಮ್ರ ಕಾಣುವ ತನಕ ಉಜ್ಜಿತ್ತು.

ಮುಂದಿನದು 60 ಸಿಸಿ ವಿಮಾನ, ಸರ್ವೊ ಎಲ್ಲಾ ಹೈ ವೋಲ್ಟೇಜ್, ಹಾಗಾಗಿ ಈ ಸಲ ಲಿಥಿಯಂ ಅಯಾನ್ ಪ್ಯಾಕ್ ಎರಡು ತಂದಿಟ್ಟಿದ್ದೇನೆ. ಎರಡಕ್ಕೂ ಎಲೆಕ್ಟ್ರಾನಿಕ್ ಸ್ವಿಚ್ಚೇ ಇರಲಿ ಅನ್ನಿಸಿತ್ತು. ಆಮೇಲೆ ಮನಸ್ಸು ಬದಲಾಯಿತು, ಒಂದೇ ನಮೂನೆಯ ಎರಡು ಒಂದೇ ಕಾರಣಕ್ಕೆ ಒಂದೇ ದಿನ ಕೈ ಕೊಡಬಹುದು. ಈ ಸಲವೂ ಒಂದು ಎಲೆಕ್ಟ್ರಾನಿಕ್, ಒಂದು ಮೆಕ್ಯಾನಿಕಲ್. ಮೆಕ್ಯಾನಿಕಲ್ಲನ್ನು ಮಾತ್ರ, ಕೆಟ್ಟರೂ ಕೆಡದಿದ್ದರೂ, ಎರಡು ವರ್ಷಕ್ಕೊಮ್ಮೆ ತೆಗೆದು ಹೊಸದು ಹಾಕುತ್ತೇನೆ.