ಹಳೇ ಸೈಕಲ್ ಫ್ರೇಮಿಗೆ ಪೌಡರ್ ಕೋಟಿಂಗೋ, ಟೂ-ಕೆ ಪೇಂಟೋ, ಸ್ಪ್ರೇ ಡಬ್ಬಿಯೋ?

ಬಣ್ಣ ಹೋದ ಸ್ಟೀಲ್ ಫ್ರೇಮಿಗೆ ಬೆಂಗಳೂರಿನಲ್ಲಿ ಮೂರು ದಾರಿಗಳಿವೆ. ಪೀಣ್ಯದ ಕಡೆಯ ಯಾವುದಾದರೂ ಜಾಬ್‌ವರ್ಕ್ ಶೆಡ್ಡಿನಲ್ಲಿ ಪೌಡರ್ ಕೋಟಿಂಗ್ ಮಾಡಿಸಬಹುದು. ಕಾರು ಪೇಂಟರ್ ಹತ್ತಿರ ಟೂ-ಕೆ, ಅಂದರೆ ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ ಹಾಕಿಸಬಹುದು. ಇಲ್ಲವೇ ಎಸ್.ಜೆ.ಪಿ. ರಸ್ತೆಯಿಂದ ನಾಲ್ಕಾರು ಸ್ಪ್ರೇ ಡಬ್ಬಿ ತಂದು ತಾರಸಿಯ ಮೇಲೆ ನಾವೇ ಹೊಡೆದುಕೊಳ್ಳಬಹುದು. ಲಗ್ (ಟ್ಯೂಬುಗಳನ್ನು ಜೋಡಿಸುವ ಲೋಹದ ತೋಳು) ಇರುವ ಮಾಮೂಲಿ ಸ್ಟೀಲ್ ಫ್ರೇಮುಗಳಿಗೆ ಮೂರನ್ನೂ ಹಾಕಿ, ಮಳೆ ಬಿಸಿಲಲ್ಲಿ ಓಡಿಸಿ ನೋಡಿದ ಹೋಲಿಕೆ ಇದು. ಗಟ್ಟಿತನದಲ್ಲಿ ಪೌಡರೇ ಮುಂದು. ಆದರೆ ತೊಳೆಯುವುದನ್ನೂ ಬೇಯಿಸುವುದನ್ನೂ ಸರಿಯಾಗಿ ಮಾಡದ ಶೆಡ್ಡಿನ ಪೌಡರಿಗಿಂತ ಒಳ್ಳೇ ಪೇಂಟರ್ ಹೊಡೆದ ಟೂ-ಕೆ ಎಷ್ಟೋ ವಾಸಿ.

ಮೂರಕ್ಕೂ ಇರುವ ಮೂಲ ವ್ಯತ್ಯಾಸ ಒಣಗುವ ರೀತಿಯಲ್ಲಿದೆ. ಸಾಮಾನ್ಯ ಸ್ಪ್ರೇ ಡಬ್ಬಿಯ ಬಣ್ಣದಲ್ಲಿ ಥಿನ್ನರ್ ಆರಿಹೋಗುತ್ತದೆ, ಅಷ್ಟೇ. ಮತ್ತೆ ಥಿನ್ನರ್ ತಾಗಿದರೆ ಬಣ್ಣ ಮತ್ತೆ ಕರಗುತ್ತದೆ. ಟೂ-ಕೆಯಲ್ಲಿ ಹಾರ್ಡ್‌ನರ್ ರಾಳದೊಂದಿಗೆ ಹೆಣೆದುಕೊಂಡು ಹೊಸದೇ ಪದಾರ್ಥವಾಗುತ್ತದೆ. ಪೌಡರಿನಲ್ಲಿ ಒಣ ಪುಡಿಗೆ 60ರಿಂದ 100 ಕಿಲೋವೋಲ್ಟ್ ಚಾರ್ಜ್ ಕೊಟ್ಟು, ಅರ್ತ್ ಮಾಡಿದ ಫ್ರೇಮಿಗೆ ಅಂಟಿಸಿ, 180ರಿಂದ 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಕರಗಿಸಿ ಹೆಣೆಸುತ್ತಾರೆ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ಬಿ.ಬಿ. ಶೆಲ್ಲಿನ (ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಕೊಳವೆ) ಅಡಿಭಾಗ ಉಜ್ಜಿದರೆ ಇದು ಕಣ್ಣಿಗೇ ಕಾಣುತ್ತದೆ. ಡಬ್ಬಿ ಬಣ್ಣ ಎರಡೇ ಉಜ್ಜಿಗೆ ಹತ್ತಿಗೆ ಬರುತ್ತದೆ. ವಾರ ಕಳೆದ ಟೂ-ಕೆ ಹಾಗೇ ಇರುತ್ತದೆ. ಚೆನ್ನಾಗಿ ಬೆಂದ ಪೌಡರ್ ಇಪ್ಪತ್ತು ಮೂವತ್ತು ಉಜ್ಜಿಗೆ ಸ್ವಲ್ಪ ಮಂಕಾದೀತು. ಅರೆಬೆಂದದ್ದಾದರೆ ಅಂಟಂಟಾಗಿ ಹತ್ತಿಗೆ ಬಣ್ಣ ಬಿಡುತ್ತದೆ. ಫ್ರೇಮನ್ನು ಮನೆಗೆ ತರುವ ಮುಂಚೆ ಶೆಡ್ಡಿನಲ್ಲೇ ಮಾಡಿ ನೋಡಬೇಕಾದ ಪರೀಕ್ಷೆ ಇದು.

ಅರೆಬೆಂದ ಪೌಡರ್ ನೋಟಕ್ಕೆ ಒಂಚೂರೂ ಕಡಿಮೆಯಿರುವುದಿಲ್ಲ, ತೊಂದರೆ ಇರುವುದೇ ಇಲ್ಲಿ. ಪುಡಿ ಕರಗಿ ಹೊಳಪು ಬರಲು ಕೆಲವೇ ನಿಮಿಷ ಸಾಕು, ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು. ಪೌಡರ್ ಪೆಟ್ಟಿಗೆಯ ಮೇಲೆ 200 ಡಿಗ್ರಿಗೆ 10 ನಿಮಿಷ ಎಂದು ಬರೆದಿದ್ದರೆ ಅದು ಲೋಹದ ಬಿಸಿ, ಓವನ್ನಿನ ಗಾಳಿಯದ್ದಲ್ಲ. ಟ್ಯೂಬು ತೆಳು, ಬೇಗ ಕಾಯುತ್ತದೆ. ಬಿ.ಬಿ. ಶೆಲ್, ಹ್ಯಾಂಡಲ್ ಬಳಿಯ ಹೆಡ್ ಲಗ್, ಮುಂದಿನ ಫೋರ್ಕಿನ ನೆತ್ತಿಯ ಕ್ರೌನ್ ದಪ್ಪ, ತಡವಾಗಿ ಕಾಯುತ್ತವೆ. ಪಕ್ಕದಲ್ಲಿ ಹತ್ತು ಪ್ಯಾನೆಲ್ ಬೋರ್ಡ್ ನೇತುಹಾಕಿದ್ದರೆ ಇನ್ನೂ ತಡ. ಮೀಟರ್ 200 ತೋರಿಸಿದ ಕ್ಷಣದಿಂದ ಹತ್ತು ನಿಮಿಷ ಎಣಿಸಿ ಹೊರಗೆಳೆದ ಫ್ರೇಮಿನಲ್ಲಿ ಕಲ್ಲು ಬಡಿದ ಕಡೆ ಬಣ್ಣ ಮೊಟ್ಟೆಯ ಸಿಪ್ಪೆಯಂತೆ ಹಾರುತ್ತದೆ. ಹೆಚ್ಚು ಬೆಂದರೂ ಕಷ್ಟವೇ, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಆದರೆ ಐದು ನಿಮಿಷ ಹೆಚ್ಚಾದರೆ ಆಗುವ ನಷ್ಟ ಸಣ್ಣದು.

ಯಾವ ಪೌಡರ್ ಎಂದು ಕೇಳದೆ ಕೊಡಬೇಡಿ. ಈ ಶೆಡ್ಡುಗಳ ದಿನದ ಕೆಲಸ ಪ್ಯಾನೆಲ್ ಬೋರ್ಡು, ಬೀರು, ರ‍್ಯಾಕು. ಅವಕ್ಕೆ ಬಳಸುವುದು ಎಪಾಕ್ಸಿ-ಪಾಲಿಯೆಸ್ಟರ್ ಬೆರಕೆ ಪೌಡರ್. ಮನೆಯೊಳಗಿನ ಸಾಮಾನಿಗೆ ಅದು ಚೆನ್ನ, ಬಿಸಿಲಿಗೆ ಬಿದ್ದರೆ ಹೊಳಪು ಸತ್ತು, ಬೆರಳಾಡಿಸಿದರೆ ಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಸೈಕಲ್ಲಿಗೆ ಬೇಕಾದ್ದು ಹೊರಾಂಗಣಕ್ಕೆಂದೇ ಮಾಡಿದ ಪ್ಯೂರ್ ಪಾಲಿಯೆಸ್ಟರ್. ಪೌಡರ್ ಬರುವುದು 20–25 ಕೆ.ಜಿ. ಪೆಟ್ಟಿಗೆಯಲ್ಲಿ, ಒಂದು ಫ್ರೇಮಿಗೆ ಬೇಕಾದ್ದು ನೂರಿನ್ನೂರು ಗ್ರಾಂ. ಹಾಗಾಗಿ ಇಷ್ಟದ ಬಣ್ಣಕ್ಕೆ ಹಟ ಹಿಡಿಯುವುದಕ್ಕಿಂತ, ಹೊರಾಂಗಣದ ಪೌಡರಿನಲ್ಲಿ ಅವರ ಹತ್ತಿರ ಯಾವ ಬಣ್ಣ ತೆರೆದಿದೆ ಎಂದು ಕೇಳಿ ಆರಿಸುವುದು ಜಾಣತನ. ಕಪ್ಪು ಯಾವಾಗಲೂ ಇರುತ್ತದೆ. ಗೇಟುಗಳಿಗೆ ಕೋಟಿಂಗ್ ಮಾಡುವವರ ಹತ್ತಿರವಾದರೆ ಹೊರಾಂಗಣದ ಪೌಡರೂ ಇರುತ್ತದೆ.

ಈಗ ತೊಳೆಯುವ ವಿಷಯ. 'ನಮ್ಮಲ್ಲಿ ಸೆವೆನ್ ಟ್ಯಾಂಕ್ ಇದೆ ಸಾರ್' ಎಂದು ಶೆಡ್ಡಿನವರು ಹೆಮ್ಮೆಯಿಂದ ಹೇಳುತ್ತಾರೆ. ಜಿಡ್ಡು ತೆಗೆದು, ಆ್ಯಸಿಡ್ಡಿನಲ್ಲಿ ತುಕ್ಕು ಕಳೆದು, ಫಾಸ್ಫೇಟ್ ಪದರ ಕೂರಿಸುವ ತೊಟ್ಟಿಗಳ ಸಾಲು ಅದು. ಶೀಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಫ್ರೇಮು ಮಾತ್ರ ಟೊಳ್ಳು. ಹಿಂದಿನ ಚಕ್ರ ಹಿಡಿಯುವ ಕೊಳವೆಗಳಾದ ಚೈನ್‌ಸ್ಟೇ, ಸೀಟ್‌ಸ್ಟೇಗಳಲ್ಲಿರುವ ಸಣ್ಣ ಗಾಳಿತೂತುಗಳಿಂದ ಆ್ಯಸಿಡ್ ಒಳಗೆ ಹೋಗುತ್ತದೆ, ನೀರಿನ ತೊಟ್ಟಿಯಲ್ಲಿ ಒಮ್ಮೆ ಮುಳುಗಿಸಿದರೆ ಅದು ಹೊರಗೆ ಬರುವುದಿಲ್ಲ. ಓವನ್ನಿನಲ್ಲಿ ಕಾದಾಗ ಲಗ್ಗಿನ ಸಂದಿಯಿಂದ ಕಂದು ಕಣ್ಣೀರಿನಂತೆ ಜಿನುಗಿ ಹೊಸ ಬಣ್ಣದ ಮೇಲೆ ಗೆರೆ ಎಳೆಯುತ್ತದೆ. ಜಿನುಗದೇ ಉಳಿದದ್ದು ಒಳಗಿನಿಂದ ಟ್ಯೂಬನ್ನು ತಿನ್ನುತ್ತದೆ. ಆದ್ದರಿಂದ ಫ್ರೇಮನ್ನು ತೊಟ್ಟಿಗೆ ಹಾಕಿಸದೆ ಬ್ಲಾಸ್ಟ್ (ಗಾಳಿಯ ಒತ್ತಡದಲ್ಲಿ ಒರಟು ಪುಡಿ ಹೊಡೆದು ಶುಚಿ ಮಾಡುವುದು) ಮಾಡಿಸುವುದೇ ಸರಿ. ಅದರಲ್ಲೂ ಗೇಟು ಕಂಬಿಗೆ ಬಳಸುವ ದಪ್ಪ ಗ್ರಿಟ್ ಬೇಡ. ಒಳ್ಳೇ ಫ್ರೇಮಿನ ಟ್ಯೂಬ್ ನಡುಭಾಗದಲ್ಲಿ 0.6 ಮಿ.ಮೀ. ಅಷ್ಟೇ ಇರಬಹುದು. 80–120 ಮೆಶ್ ಅಲ್ಯೂಮಿನಿಯಂ ಆಕ್ಸೈಡ್, ಕಡಿಮೆ ಒತ್ತಡ, ನಳಿಕೆ ಒಂದೇ ಕಡೆ ನಿಲ್ಲಬಾರದು. ಬ್ಲಾಸ್ಟ್ ಆದ ಸ್ಟೀಲನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಉಡುಪಿ ಕಡೆ, ಬೆಳಿಗ್ಗೆ ಬ್ಲಾಸ್ಟ್ ಮಾಡಿದ್ದಕ್ಕೆ ಸಂಜೆಯೊಳಗೆ ಪೌಡರ್ ಬೀಳಬೇಕು. ಕರಾವಳಿಯಲ್ಲಿ ಓಡುವ ಸೈಕಲ್ಲಾದರೆ ಒಂದೇ ಕೋಟ್ ಸಾಲದು. ಮೊದಲು ಜಿಂಕ್ ಇರುವ ಎಪಾಕ್ಸಿ ಪ್ರೈಮರ್ ಪೌಡರ್ ಹಾಕಿ, ಅದು ಕರಗಿ ಹಿಡಿದುಕೊಳ್ಳುವಷ್ಟು ಮಾತ್ರ ಬೇಯಿಸಿ, ಮೇಲೆ ಪಾಲಿಯೆಸ್ಟರ್ ಹಾಕಿ ಪೂರ್ತಿ ಬೇಯಿಸಬೇಕು. ಪ್ರೈಮರನ್ನು ಪೂರ್ತಿ ಬೇಯಿಸಿಬಿಟ್ಟರೆ ಮೇಲಿನ ಕೋಟ್ ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ.

ಮಾಸ್ಕಿಂಗ್ ಕೆಲಸವನ್ನು, ಅಂದರೆ ಪೌಡರ್ ಬೀಳಬಾರದ ಜಾಗಗಳನ್ನು ಮುಚ್ಚುವುದನ್ನು, ಶೆಡ್ಡಿನವರಿಗೆ ಬಿಡಲೇಬೇಡಿ, ನೀವೇ ಮುಗಿಸಿ ಕೊಂಡೊಯ್ಯಿರಿ. ಯಾಕೆಂದರೆ ಪೌಡರಿನ ದಪ್ಪ ಸಣ್ಣದಲ್ಲ. 27.2 ಮಿ.ಮೀ. ಸೀಟ್‌ಪೋಸ್ಟಿಗೂ ಟ್ಯೂಬಿಗೂ ಇರುವ ಸಡಿಲ ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು. ಒಳಗೆ 80 ಮೈಕ್ರಾನ್ (0.08 ಮಿ.ಮೀ.) ಪೌಡರ್ ಕೂತರೆ ವ್ಯಾಸ 0.16 ಮಿ.ಮೀ. ಕಡಿಮೆಯಾಗುತ್ತದೆ. ಪೋಸ್ಟ್ ಇಳಿಯುವುದೇ ಇಲ್ಲ. ಸೀಟ್ ಟ್ಯೂಬಿನ ಬಾಯಿ, ಹೆಡ್ ಟ್ಯೂಬಿನ ಎರಡೂ ತುದಿ, ಫೋರ್ಕಿನಲ್ಲಿ ಕ್ರೌನ್ ರೇಸ್ (ಕೆಳಗಿನ ಬೇರಿಂಗಿನ ಬಳೆ) ಕೂರುವ ಜಾಗ ಮತ್ತು ಮೇಲಿನ ಸ್ಟೀರರ್ ಕೊಳವೆ, ಬಿ.ಬಿ. ಶೆಲ್ಲಿನ 1.37 ಇಂಚಿನ, ಇಂಚಿಗೆ 24 ಸುತ್ತಿನ ಮರೆ (ಥ್ರೆಡ್), ಗೇರಿನ ಡಿರೇಲರ್ ನೇತಾಡುವ ಹ್ಯಾಂಗರಿನ ಎಂ10 (10 ಮಿ.ಮೀ.), ಬಾಟಲ್ ಕೇಜಿನ ಎಂ5 ತೂತುಗಳು, ಇವಿಷ್ಟನ್ನೂ ಮುಚ್ಚಬೇಕು. ತೂತಿಗೆ ಸಿಲಿಕಾನ್ ಬಿರಡೆ, ಸಮತಟ್ಟಿಗೆ ಬಿಸಿ ತಡೆಯುವ ಹಸಿರು ಪಾಲಿಯೆಸ್ಟರ್ ಟೇಪು. ಮಾಮೂಲಿ ಪೇಪರ್ ಟೇಪ್ 200 ಡಿಗ್ರಿಯಲ್ಲಿ ಸುಟ್ಟು, ಅದರ ಅಂಟು ಮರೆಯೊಳಗೆ ಬೆಂದು ಕೂರುತ್ತದೆ. ಎಂ5 ತೂತಿಗೆ ಹಳೇ ಬೋಲ್ಟ್ ತಿರುಗಿಸಿದರೂ ಆಯಿತು, ಗ್ರೀಸ್ ಮಾತ್ರ ಹಚ್ಚಬಾರದು. ಗ್ರೀಸ್ ಕಾದು ಹೊಗೆಯಾಡಿ ಸುತ್ತಲಿನ ಪೌಡರಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಬೇಯಿಸಿದ ಮೇಲೆ ಬೋಲ್ಟನ್ನು ನೇರ ತಿರುಗಿಸಿದರೆ ಸುತ್ತಲ ಬಣ್ಣವೂ ಹರಿದು ಬರುತ್ತದೆ. ಮೊದಲು ಬ್ಲೇಡಿನಿಂದ ತಲೆಯ ಸುತ್ತ ಗೀರಿ, ಆಮೇಲೆ ಬಿಚ್ಚಿ.

ಡ್ರಾಪ್‌ಔಟ್‌ನ (ಚಕ್ರದ ಅಚ್ಚು ಕೂರುವ ಸೀಳು) ಎರಡೂ ಮುಖ ಬರಿಲೋಹವಾಗಿಯೇ ಇರಲಿ. ನಟ್ಟಿನ ಕೆಳಗೆ ಪೌಡರ್ ನಿಧಾನಕ್ಕೆ ಅಮುಕಿಕೊಳ್ಳುತ್ತದೆ. ಇವತ್ತು ಬಿಗಿ ಮಾಡಿದ ಚಕ್ರ ವಾರದಲ್ಲಿ ಸಡಿಲ.

ಪೌಡರಿಗೆ ಇನ್ನೊಂದು ಹುಟ್ಟುಗುಣವಿದೆ, ಮೂಲೆ ಕಂಡರೆ ಆಗದು. ಚಾರ್ಜ್ ಆದ ಪುಡಿ ಹತ್ತಿರದ ಅಂಚಿಗೇ ಅಂಟುತ್ತದೆ, ಒಳಸಂದಿಗೆ ಇಳಿಯುವುದಿಲ್ಲ. ಬಿ.ಬಿ. ಹಿಂದೆ ಎರಡು ಚೈನ್‌ಸ್ಟೇ ಸೇರುವ ಕವಲನ್ನು ಟಾರ್ಚ್ ಬಿಟ್ಟು ನೋಡಿ. ಮೇಲಿನ ಟ್ಯೂಬಿನಲ್ಲಿ 90 ಮೈಕ್ರಾನ್ ಇದ್ದಾಗ ಅಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ಪುಣ್ಯ. ಹಿಂದಿನ ಚಕ್ರ ಕೆಸರು ಎರಚುವುದೂ ಅಲ್ಲಿಗೇ. ಪುಡಿ ಹೊಡೆಯುವ ಗನ್ನಿನ ವೋಲ್ಟೇಜನ್ನು 40–50 ಕಿಲೋವೋಲ್ಟಿಗೆ ಇಳಿಸಿ, ಗಾಳಿ ಕಡಿಮೆ ಮಾಡಿ, ಮೊದಲು ಸಂದಿಗಳಿಗೆ ಹೊಡೆದು ಆಮೇಲೆ ಬಯಲಿಗೆ ಬರಬೇಕು. ಪ್ಯಾನೆಲ್ ಹೊಡೆದು ಅಭ್ಯಾಸವಾದ ಕೈ ಇದನ್ನು ತಾನಾಗಿ ಮಾಡುವುದಿಲ್ಲ, ಹೇಳಬೇಕು. ಟೂ-ಕೆಗೆ ಈ ಕಾಯಿಲೆಯೇ ಇಲ್ಲ, ಗನ್ ತಿರುಗಿದ ಕಡೆ ಬಣ್ಣ ಹೋಗುತ್ತದೆ.

ಲಗ್ಗಿನ ಅಂಚು ಚೂಪಾಗಿ ಕಾಣಬೇಕು, ಡಿಕಾಲ್ (ಹೆಸರು, ಚಿತ್ರದ ಸ್ಟಿಕರ್) ಬೇಕು, ನೆಗ್ಗು ತುಂಬಬೇಕು ಎಂದರೆ ಟೂ-ಕೆಯೇ ಸರಿ. ಪೌಡರ್ ಲಗ್ಗಿನ ಅಂಚನ್ನೆಲ್ಲ ದೋಸೆಹಿಟ್ಟು ಸುರಿದ ಹಾಗೆ ದುಂಡಗೆ ಮಾಡಿಬಿಡುತ್ತದೆ. ಕಾರಿನ ಪಾಲಿಯೆಸ್ಟರ್ ಪುಟ್ಟಿ ಓವನ್ನಿನ ಬಿಸಿಯಲ್ಲಿ ಬಿರಿಯುತ್ತದೆ, ಸೀಸದ ಬೆಸುಗೆ ಹಾಕಿ ತುಂಬಿದ್ದರೆ 183 ಡಿಗ್ರಿಗೇ ಕರಗಲು ಶುರು. ಟೂ-ಕೆಯ ಕ್ರಮ ಹೀಗೆ: ಹಳೇ ಬಣ್ಣ ತೆಗೆದು 120, ಆಮೇಲೆ 240 ನಂಬರಿನ ಉಜ್ಜುಕಾಗದದಲ್ಲಿ ಉಜ್ಜು, ಎಪಾಕ್ಸಿ ಪ್ರೈಮರ್ ಎರಡು ಕೈ, ಅದರ ಮೇಲೆ ಬೇಕಿದ್ದರೆ ಪುಟ್ಟಿ, 600ರಲ್ಲಿ ನೀರುಜ್ಜು, ಬೇಸ್ ಬಣ್ಣ ಎರಡು ಮೂರು ಕೈ, ಡಿಕಾಲ್, ಬಣ್ಣವಿಲ್ಲದ ಹೊಳಪಿನ ಕ್ಲಿಯರ್ ಎರಡು ಕೈ, ನಡುವೆ 10–15 ನಿಮಿಷ ಬಿಡುವು. ಕೆಡುವುದು ಸಾಮಾನ್ಯವಾಗಿ ಥಿನ್ನರಿನಲ್ಲಿ. ಅಗ್ಗದ ಎನ್.ಸಿ. (ನೈಟ್ರೋಸೆಲ್ಯುಲೋಸ್ ಬಣ್ಣದ) ಥಿನ್ನರಿನಲ್ಲಿ ಆಲ್ಕೋಹಾಲ್ ಇರುತ್ತದೆ, ರಾಳದೊಂದಿಗೆ ಸೇರಬೇಕಾದ ಹಾರ್ಡ್‌ನರನ್ನು ಅದು ನುಂಗಿಬಿಡುತ್ತದೆ. ಬಣ್ಣ ಮೆತ್ತಗೇ ಉಳಿಯುತ್ತದೆ. ಪಿ.ಯು. (ಪಾಲಿಯುರೆಥೇನ್) ಥಿನ್ನರ್ ನೀವೇ ಕೊಂಡುಕೊಟ್ಟರೆ ಈ ಕಿರಿಕಿರಿ ಇಲ್ಲ. ಬೇಗ ಒಣಗಲಿ ಎಂದು ಹಾರ್ಡ್‌ನರ್ ಹೆಚ್ಚು ಸುರಿದರೆ ಬಣ್ಣ ಗಾಜಿನಂತಾಗಿ ಬಿರಿಯುತ್ತದೆ. ಜಡಿಮಳೆಯ ದಿನ ಹೊಡೆದರೆ ಹಾರ್ಡ್‌ನರ್ ಗಾಳಿಯ ತೇವದೊಂದಿಗೆ ಸೇರಿ ಸೂಜಿಮೊನೆಯಷ್ಟು ಗುಳ್ಳೆ ಏಳುತ್ತವೆ. ಮರುದಿನ ಮುಟ್ಟಬಹುದು, ಆದರೆ ಒಂದು ವಾರ ಯಾವ ಕ್ಲ್ಯಾಂಪನ್ನೂ ಬಿಗಿಯಬೇಡಿ, ಅಚ್ಚು ಬೀಳುತ್ತದೆ. ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಉಬ್ಬಸ ತರಿಸುವಂಥದ್ದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮನೆಯ ಗ್ಯಾರೇಜಿನಲ್ಲಿ ಹೊಡೆಯುವ ಬಣ್ಣವಲ್ಲ ಇದು.

ಪೌಡರ್ ಭಾರ ಎಂಬ ದೂರನ್ನು ಲೆಕ್ಕ ಹಾಕಿ ನೋಡೋಣ. 28.6 ಮಿ.ಮೀ. ಟ್ಯೂಬುಗಳ ಮಧ್ಯಮ ಅಳತೆಯ ಫ್ರೇಮು, ಫೋರ್ಕು ಸೇರಿ ಹೊರಮೈ ಸುಮಾರು 0.34 ಚದರ ಮೀಟರ್. 80 ಮೈಕ್ರಾನ್ ದಪ್ಪಕ್ಕೆ 27 ಘನ ಸೆಂ.ಮೀ., ಸಾಂದ್ರತೆ 1.5 ಎಂದರೆ 41 ಗ್ರಾಂ. ಕೈ ಜಾಸ್ತಿಯಾಗಿ 150 ಮೈಕ್ರಾನ್ ಬಿದ್ದರೂ 80 ಗ್ರಾಂ ದಾಟುವುದಿಲ್ಲ. ಪ್ರೈಮರ್, ಬೇಸ್, ಕ್ಲಿಯರ್ ಸೇರಿ ಟೂ-ಕೆಯೂ 100 ಮೈಕ್ರಾನ್ ಮುಟ್ಟುತ್ತದೆ. ಬಾಟಲಿಯ ಒಂದು ಗುಟುಕು ನೀರಿನ ವ್ಯತ್ಯಾಸ.

ಸ್ಪ್ರೇ ಡಬ್ಬಿಯನ್ನು ಪೂರ್ತಿ ಫ್ರೇಮಿಗೆ ಬಳಸುವುದು ಶ್ರಮದ ದಂಡ. ಬ್ರೇಕ್ ಕೇಬಲ್ ಉಜ್ಜುವ ಕಡೆ, ಕಾಲು ತಾಗುವ ಕಡೆ ತಿಂಗಳುಗಳಲ್ಲೇ ಪ್ರೈಮರ್ ಇಣುಕುತ್ತದೆ. ಒಂದು ಮಧ್ಯದ ದಾರಿ ಇದೆ: ಬಣ್ಣ ಮಾಮೂಲಿ ಡಬ್ಬಿಯದು, ಕ್ಲಿಯರ್ ಮಾತ್ರ ಟೂ-ಕೆ ಡಬ್ಬಿಯದು. ತಳದ ಪಿನ್ ಒತ್ತಿದರೆ ಒಳಗಿನ ಹಾರ್ಡ್‌ನರ್ ಬಿಡುಗಡೆಯಾಗುತ್ತದೆ, ಒಂದೆರಡು ದಿನದಲ್ಲಿ ಬಳಸಿ ಮುಗಿಸಬೇಕು. ಕೆಳಗಿನ ಬಣ್ಣ ದಪ್ಪ ಬಿದ್ದು ಥಿನ್ನರ್ ಒಳಗೇ ಉಳಿದಿದ್ದರೆ ಈ ಕ್ಲಿಯರ್ ಅದನ್ನು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿಸುತ್ತದೆ. 20–25 ಸೆಂ.ಮೀ. ದೂರದಿಂದ ತೆಳುವಾಗಿ ಹೊಡೆದು, ಬಣ್ಣಕ್ಕೆ ಒಣಗಲು ಸಮಯ ಕೊಡಿ. ಐಸೊಸಯನೇಟಿನ ಮಾತು ಈ ಡಬ್ಬಿಗೂ ಸಲ್ಲುತ್ತದೆ.

ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್‌ಗೆ ಯೋಚನೆಯೇ ಬೇಡ, ಪೌಡರ್. ಸೀಟಿನ ಸ್ಪ್ರಿಂಗು, ಗಟ್ಟಿ ದರ್ಜೆಯ ಬೋಲ್ಟುಗಳು ಆ್ಯಸಿಡ್ ತೊಟ್ಟಿಗೆ ಬೀಳಬಾರದು, ಹೈಡ್ರೋಜನ್ ಹೀರಿ ಮುರಿಯುವ ಗುಣ ಬರುತ್ತದೆ. ಎರಕದ ಅಲ್ಯೂಮಿನಿಯಂ ಭಾಗಗಳ ಸೂಕ್ಷ್ಮ ರಂಧ್ರಗಳಿಂದ ಗಾಳಿ ಎದ್ದು ಪೌಡರಿನಲ್ಲಿ ತೂತಾಗುತ್ತದೆ, ಪೌಡರ್ ಹಾಕುವ ಮೊದಲೇ ಬರಿ ಭಾಗವನ್ನು ಓವನ್ನಿನಲ್ಲಿ ಒಮ್ಮೆ ಕಾಯಿಸಿಬಿಡಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಕಾಸ್ಟಿಕ್ ಸೋಡಾ ತೊಟ್ಟಿ ತೋರಿಸಲೇಬೇಡಿ, ಲೋಹವನ್ನೇ ತಿನ್ನುತ್ತದೆ. ಓವನ್ನಿನಲ್ಲಿ ಒಮ್ಮೆ ಬೇಯಿಸಿದರೆ ತೊಂದರೆಯಿಲ್ಲ, ಮತ್ತೆ ಮತ್ತೆ ಬೇಯಿಸಿದರೆ ಅದರ ಹದ ಇಳಿಯುತ್ತದೆ. ಕಾರ್ಬನ್, ಸಸ್ಪೆನ್ಷನ್ ಫೋರ್ಕು, ವಿಟುಸ್ 979ರಂಥ ಅಂಟಿನ ಜೋಡಣೆಯ ಫ್ರೇಮುಗಳಿಗೆ ಓವನ್ ನಿಷಿದ್ಧ.

ಗಾಯವಾದಾಗ ಟೂ-ಕೆಯ ಸ್ವಭಾವ ಬೇರೆ, ಪೌಡರಿನದು ಬೇರೆ. ಟೂ-ಕೆ ಚುಕ್ಕೆ ಚುಕ್ಕೆಯಾಗಿ ಹೋಗುತ್ತದೆ, ತುಕ್ಕು ಕಣ್ಣಿಗೆ ಬೀಳುತ್ತದೆ. ಪೌಡರಿನಲ್ಲಿ ಸಾಸಿವೆಯಷ್ಟು ತೂತಿನಿಂದ ನೀರು ಒಳನುಗ್ಗಿ ಪದರದ ಅಡಿಯಲ್ಲೇ ಹರಡುತ್ತದೆ. ಮೇಲೆಲ್ಲ ತಳಕು, ಒಳಗೆಲ್ಲ ಹುಳುಕು. ಸಿಪ್ಪೆ ಸುಲಿದ ಹಾಗೆ ಎದ್ದುಬರುವಷ್ಟನ್ನೂ ಬ್ಲೇಡಿನಿಂದ ಕಿತ್ತು, ಅಂಚನ್ನು 320ರಲ್ಲಿ ಇಳಿಜಾರು ಮಾಡಿ, ತುಕ್ಕನ್ನು ಲೋಹ ಬೆಳಗುವವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಮೇಲೆ ಅದೇ ಬಣ್ಣದ ಪಿ.ಯು. ಮುಟ್ಟಿಸಬೇಕು. ಆ 'ಅದೇ ಬಣ್ಣ' ಸಿಗಬೇಕಾದರೆ ರಾಲ್ (RAL, ಬಣ್ಣಗಳ ಪ್ರಮಾಣಿತ ಪಟ್ಟಿ) ಸಂಖ್ಯೆ ಬೇಕು. ಕಪ್ಪಾದರೆ 9005, ಆಕಾಶನೀಲಿ 5015. ಬಿಲ್ಲಿನ ಮೇಲೆ ಬರೆಸಿಕೊಂಡಿರಿ.

ಟ್ಯೂಬಿನ ಒಳಮೈಗೆ ಈ ಮೂರರಲ್ಲಿ ಯಾವುದೂ ತಲುಪುವುದಿಲ್ಲ. ಬಣ್ಣವೆಲ್ಲ ಮುಗಿದ ಮೇಲೆ ಕುದಿಸಿದ ಅಗಸೆ ಎಣ್ಣೆ ಎಂದೇ ಮಾರುವ ಬಾಯ್ಲ್ಡ್ ಲಿನ್ಸೀಡ್ ಆಯಿಲನ್ನು, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆಯದು, ಸೀಟ್ ಟ್ಯೂಬಿನಿಂದ ಸುರಿದು, ಫ್ರೇಮನ್ನು ಎಲ್ಲ ಕಡೆ ಹೊರಳಿಸಿ, ಒಂದು ರಾತ್ರಿ ತಲೆಕೆಳಗಾಗಿ ಸೋರಲು ಬಿಡಿ. ಒಳಗೆ ತೆಳು ಪೊರೆ ಕಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ ಬಿಸಾಕಿ. ಬಿ.ಬಿ. ಶೆಲ್ಲಿನ ಅಡಿಯಲ್ಲಿ ನೀರು ಇಳಿಯುವ ತೂತಿದ್ದರೆ ಪೌಡರ್ ಅದನ್ನು ಮುಚ್ಚಿರುತ್ತದೆ, ಸಣ್ಣ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ ತೆರೆದುಬಿಡಿ.