ವೋಕಲೀಸ್: ಯಾವ ನೊಟೇಶನ್‌ಗೆ ದುಡ್ಡು ಹಾಕಬಹುದು

ರಷ್ಯಾದ ಸಂಗೀತ ರಚನಕಾರ ಸೆರ್ಗೇಯ್ ರಖ್ಮಾನಿನೊಫ್ 1915ರಲ್ಲಿ ಬರೆದ ಹಾಡು ‘ವೋಕಲೀಸ್’ಗೆ ಸಾಹಿತ್ಯವೇ ಇಲ್ಲ. ಗಾಯಕಿ ತನಗೆ ಒಗ್ಗುವ ಒಂದು ಸ್ವರಾಕ್ಷರ ಹಿಡಿದು ಕೊನೆಯವರೆಗೂ ಹಾಡಬೇಕು. ಅಕಾರದ ಆಲಾಪ ಕೇಳಿ ಗೊತ್ತಿರುವ ಬಳ್ಳಾರಿ, ರಾಯಚೂರು ಕಡೆಯವರಿಗೆ ಇದು ಹೊಸದೇನಲ್ಲ. ಮಾತಿನ ಹಂಗಿಲ್ಲದ ಕಾರಣ ಪಿಟೀಲು, ಚೆಲ್ಲೊ, ಸ್ಯಾಕ್ಸೊಫೋನ್, ಕೊನೆಗೆ ಕೈ ತಾಗಿಸದೆ ನುಡಿಸುವ ಥೆರಮಿನ್‌ವರೆಗೆ ಎಲ್ಲ ವಾದ್ಯಕ್ಕೂ ಇದನ್ನು ಇಳಿಸಿದ್ದಾರೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಹತ್ತಾರು ಪ್ರತಿ ಸಿಗುತ್ತವೆ, ಒಂದಕ್ಕೊಂದು ತಾಳೆಯಾಗುವುದಿಲ್ಲ.

ಮೊದಲ ತೊಡಕು ಶ್ರುತಿಯದು. ಸೊಪ್ರಾನೊ (ಎತ್ತರದ ದನಿಯ ಗಾಯಕಿ) ಆಂತೊನೀನಾ ನೆಜ್ದಾನೊವಾ ಅವರಿಗೆ ಅರ್ಪಿಸಿದ ಮೂಲ ಹಾಡು (ಓಪಸ್ 34, ಅಂದರೆ 34ನೇ ಕೃತಿಗುಚ್ಛದ ಹದಿನಾಲ್ಕನೆಯದು) ಸಿ ಶಾರ್ಪ್ ಮೈನರ್‌ನಲ್ಲಿದೆ, ಅಂದರೆ ಪೇಟಿಯವರ ಲೆಕ್ಕದಲ್ಲಿ ಕರಿ ಒಂದು. ಆರ್ಕೆಸ್ಟ್ರಾಗೆ ರಖ್ಮಾನಿನೊಫ್ ಅವರೇ ಬರೆದದ್ದು ಇ ಮೈನರ್, ಬಿಳಿ ಮೂರು. ಪಿಟೀಲು, ಚೆಲ್ಲೊ ಪ್ರತಿಗಳು ಹೆಚ್ಚಾಗಿ ಇ ಮೈನರ್‌ನಲ್ಲೇ ಸಿಗುತ್ತವೆ. ಕೀಬೋರ್ಡ್‌ನವರ ಮುಂದೆ ಮೂಲ ಹಾಳೆ, ಪಿಟೀಲಿನವರ ಮುಂದೆ ಇ ಮೈನರ್ ಹಾಳೆ ಇದ್ದರೆ ಮೊದಲ ಸಾಲಲ್ಲೇ ಕೆಟ್ಟಿತು. ಕೀಬೋರ್ಡ್‌ನಲ್ಲಿ ಶ್ರುತಿ ಏರಿಸುವ ಟ್ರಾನ್ಸ್‌ಪೋಸ್ ಬಟನ್ +3ಕ್ಕೆ ಇಟ್ಟರೆ ಸರಿಹೋಗುತ್ತದೆ, ಹೊಸ ಪ್ರತಿ ಕೊಳ್ಳಬೇಕಿಲ್ಲ.

ಮೂಲ ಪ್ರತಿಗಂತೂ ದುಡ್ಡು ಕೊಡಲೇಬೇಡಿ. ರಖ್ಮಾನಿನೊಫ್ ತೀರಿಕೊಂಡದ್ದು 1943ರಲ್ಲಿ. ನಮ್ಮ ಕಾನೂನಿನ ಪ್ರಕಾರ ಅರವತ್ತು ವರ್ಷ ಕಳೆದು 2004ರಿಂದ ಅದು ಎಲ್ಲರ ಸೊತ್ತು. ಹಳೆಯ ಅಚ್ಚಿನ ಸ್ಕ್ಯಾನ್ ಉಚಿತವಾಗಿ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಮಾತ್ರ ‘ಸ್ವಲ್ಪ ಡಾರ್ಕ್ ಆಗಿ ತೆಗೀರಿ’ ಅನ್ನಿ. ತೆಳುವಾಗಿ ಬಂದರೆ ಶಾರ್ಪ್ ಗುರುತು, ಸ್ವರ ಜೋಡಿಸುವ ಕಮಾನು ಗೆರೆ ಅಳಿಸಿಹೋಗುತ್ತವೆ. ಬಿ ಶಾರ್ಪ್ ಬದಲು ಬರೀ ಬಿ ನುಡಿಸಿದರೆ ಕೀರವಾಣಿ ರಾಗದ ನಿಷಾದ ಹೋಗಿ ನಠಭೈರವಿ ರಾಗದ ನಿಷಾದ ಬಂದು ಕೂರುತ್ತದೆ. ಆ ಬಿ ಶಾರ್ಪ್‌ಗೆ ಪೇಟಿಯಲ್ಲಿ ಬಿಳಿ ಒಂದನ್ನೇ ಒತ್ತಬೇಕು, ಕರಿ ಮನೆ ಹುಡುಕಬೇಡಿ. ವಾದ್ಯಕ್ಕೆ ಹೊಂದಿಸಿದ ಪ್ರತಿಗಳ ಮಾತು ಬೇರೆ. ಹೊಂದಿಸಿದವರಿಗೂ ಹಕ್ಕಿರುತ್ತದೆ. 1987ರಲ್ಲಿ ತೀರಿಕೊಂಡ ಪಿಟೀಲುವಾದಕ ಯಾಶಾ ಹೈಫೆಟ್ಸ್ ಅವರ ಪಿಟೀಲು ಪ್ರತಿಯನ್ನು ಕೊಂಡೇ ನುಡಿಸಬೇಕು.

ಕೊಳ್ಳುವ ಮುನ್ನ ಸ್ಯಾಂಪಲ್ ಪುಟ ಸಿಕ್ಕರೆ ನೇರ ಕೊನೆಯ ಪುಟಕ್ಕೆ ಹೋಗಿ. ಅಲ್ಲಿ ಮೊದಲಿನ ರಾಗ ಪಿಯಾನೊಗೆ ಹೋಗುತ್ತದೆ, ಗಾಯಕಿ ಅದರ ಮೇಲೆ ಬೇರೆಯದೇ ಎಳೆ ಹಾಡುತ್ತಾ ಮೇಲಿನ ಸಿ ಶಾರ್ಪ್ ಮುಟ್ಟುತ್ತಾಳೆ. ಇಡೀ ಹಾಡಿನ ಜೀವ ಇರುವುದೇ ಅಲ್ಲಿ. ‘ಈಸಿ’ ಎಂದು ಮಾರುವ ಪ್ರತಿಗಳಲ್ಲಿ ಎರಡು ಎಳೆ ಉಳಿದಿವೆಯೇ ನೋಡಿ. ವಾದ್ಯಕ್ಕೆ ಮತ್ತೆ ಅದೇ ರಾಗ ಕೊಟ್ಟು ಕೈತೊಳೆದುಕೊಂಡಿದ್ದರೆ ಅಂಥದ್ದು ಬಿಟ್ಟಿಯಾಗಿ ಸಿಕ್ಕರೂ ಬೇಡ.

ಪಿಟೀಲಿಗೆ ಇ ಮೈನರ್ ಚೆನ್ನಾಗಿ ಕೂರುತ್ತದೆ. ಮೇಲಿನ ಇ ಸ್ವರ ನಾಲ್ಕನೇ ಪೊಸಿಷನ್‌ನ (ತಂತಿಯ ಮೇಲೆ ಕೈ ಇಡುವ ಜಾಗ) ಕಿರುಬೆರಳಿಗೆ ಸಿಗುತ್ತದೆ. ಕರ್ನಾಟಕ ಪದ್ಧತಿಯವರು ಸ-ಪ-ಸ-ಪ ಬಿಟ್ಟು ಜಿ-ಡಿ-ಎ-ಇಗೆ ಏರಿಸಬೇಕಾಗುತ್ತದೆ. ಇಳಿಸಿ ಇಟ್ಟ ಹಳೇ ತಂತಿಯನ್ನೇ ಒಂದೇ ಸಲ ಬಿಗಿದರೆ ತುದಿಯ ತಂತಿ ಕಟ್ ಆಗುತ್ತದೆ. ಹೊಸ ಸೆಟ್ ಹಾಕಿ, ಎರಡು ಮೂರು ದಿನ ಮೊದಲೇ ಸ್ವಲ್ಪಸ್ವಲ್ಪ ಏರಿಸಿ. ಬಳ್ಳಾರಿಯ ಒಣ ಬೇಸಿಗೆಯಲ್ಲಿ ಬಿರಡೆ ಒಣಗಿ ಜಾರುತ್ತದೆ, ಸೀಮೆಸುಣ್ಣ ತುಸು ಹಚ್ಚಿದರೆ ಹಿಡಿಯುತ್ತದೆ. ಇನ್ನೊಂದು ಮಾತು: ಗಾಂಧಾರಕ್ಕೆ ಗಮಕ ಬೇಡ. ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಅಲುಗಾಡದೆ ನಿಂತಿರುತ್ತದೆ, ತೂಗಾಡುವ ಸ್ವರ ಅದಕ್ಕೆ ತಿಕ್ಕಿ ಅಪಸ್ವರದಂತೆ ಕೇಳುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಷ್ಟಿರಬೇಕು ಅನ್ನುವುದಕ್ಕೆ ಕ್ಲಾರಾ ರಾಕ್‌ಮೋರ್ ಅವರ ಥೆರಮಿನ್ ಮುದ್ರಣ (1977ರ ಆಲ್ಬಮ್) ಕೇಳಿ. ಜಾರುವುದೇ ಸ್ವಭಾವವಾಗಿರುವ ವಾದ್ಯದಲ್ಲೂ ಅವರ ಹಿಡಿತ ಬಿಗಿ.

ಮದುವೆ ಬ್ಯಾಂಡ್‌ನ ಆಲ್ಟೊ ಸ್ಯಾಕ್ಸೊಫೋನ್ ಇರುವವರು ಏನನ್ನೂ ಕೊಳ್ಳಬೇಕಿಲ್ಲ. ಮೂಲದ ಗಾಯನ ಸಾಲನ್ನು ಇದ್ದ ಹಾಗೇ ಓದಿ ನುಡಿಸಿದರೆ ಇ ಮೈನರ್ ಆಗಿಯೇ ಕೇಳುತ್ತದೆ, ಏಕೆಂದರೆ ಅದು ಇ ಫ್ಲಾಟ್ ವಾದ್ಯ, ಹಾಳೆಯ ಸಿ ಅದರಲ್ಲಿ ಇ ಫ್ಲಾಟ್ ಆಗಿ ಕೇಳುತ್ತದೆ. ಬಿ ಫ್ಲಾಟ್ ಕ್ಲಾರಿನೆಟ್‌ಗೆ ಮಾತ್ರ ಎಫ್ ಶಾರ್ಪ್ ಮೈನರ್‌ನಲ್ಲಿ ಬರೆದುಕೊಳ್ಳಬೇಕು.

ಪಿಯಾನೊ ಒಂದಕ್ಕೇ ಹೊಂದಿಸಿದ್ದರಲ್ಲಿ ಪಿಯಾನೊ ವಾದಕ ಜೋಲ್ತಾನ್ ಕೊಚಿಶ್ ಅವರದು ಸೊಗಸು, ಆದರೆ ಕಲಿಯುವವರಿಗಲ್ಲ. ಟಚ್ ಸೆನ್ಸಿಟಿವಿಟಿ, ಸಸ್ಟೇನ್ ಪೆಡಲ್ ಇಲ್ಲದ ಕೀಬೋರ್ಡ್‌ನಲ್ಲಂತೂ ವ್ಯರ್ಥ.

ಪೇಟಿ ಸಾಥಿಗೆ ಬರುತ್ತದೆ. ಬೇಸ್ ಸ್ಟಾಪ್ ಮುಚ್ಚಿ, ಅರ್ಧ ಎಣಿಕೆಗೊಂದರಂತೆ ಬರುವ ಕಾರ್ಡ್‌ಗಳನ್ನು ಪ್ರತಿಸಲ ಕುಟ್ಟದೆ ಹಿಡಿದಿಟ್ಟು ಮೇಲಿನ ಬೆರಳೊಂದನ್ನೇ ಮಿಡಿಸಿ, ಇಲ್ಲದಿದ್ದರೆ ಕಂಪನಿ ನಾಟಕದ ಸೀನಿನಂತೆ ಆಗುತ್ತದೆ.

ಬ್ಯಾಕಿಂಗ್ ಟ್ರ್ಯಾಕ್‌ಗಳಿಗೆ (ಮೊದಲೇ ಮುದ್ರಿಸಿಟ್ಟ ಸಾಥಿಗೆ) ನಮ್ಮ ಅಂಕ ಕಡಿಮೆ. ಮೊದಲ ಭಾಗವನ್ನು ಎರಡು ಸಲ ನುಡಿಸಬೇಕೆಂದು ಮೂಲದಲ್ಲಿ ಗುರುತಿದೆ, ಕೆಲವು ಟ್ರ್ಯಾಕ್ ಅದನ್ನು ಬಿಟ್ಟು ಮುಂದೆ ಓಡುತ್ತವೆ. ವೇದಿಕೆ ಮೇಲೆ ಗೊತ್ತಾದರೆ ಉಳಿಗಾಲವಿಲ್ಲ. ಜತೆಗೆ ಉಸಿರು ತೆಗೆದುಕೊಳ್ಳುವಲ್ಲಿ ಟ್ರ್ಯಾಕ್ ಕಾಯುವುದಿಲ್ಲ. ವೇಗಕ್ಕೆ 1929ರಲ್ಲಿ ರಖ್ಮಾನಿನೊಫ್ ತಾವೇ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ನಡೆಸಿ ಮಾಡಿದ ಮುದ್ರಣ ಕೇಳಿ, ತೀರಾ ಎಳೆಯುವುದಿಲ್ಲ. ಸಾಥಿ ನುಡಿಸಲು ಮಾತ್ರ ಟ್ರ್ಯಾಕ್ ಬದಲು ಚರ್ಚ್ ಕ್ವಾಯರ್‌ಗೆ ಕೀಬೋರ್ಡ್ ನುಡಿಸುವವರನ್ನು ಕರೆಯಿರಿ. ನೊಟೇಶನ್ ಓದುತ್ತಾರೆ, ಹಾಡುವವರ ಉಸಿರಿಗೆ ನಿಲ್ಲುವುದೂ ಅವರಿಗೆ ಗೊತ್ತು.