ರೈಲ್ಸ್ ಆ್ಯಪ್‌ಗೆ ಬ್ರೌಸರ್ ಟೆಸ್ಟ್: ಸೈಪ್ರೆಸ್, ಪ್ಲೇರೈಟ್, ಕ್ಯಾಪಿಬಾರಾ ಮೂರನ್ನೂ ಬಳಸಿ ನೋಡಿದ ಮೇಲೆ

ಮಂಗಳೂರಿನ ಬಿಜೈಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಒಂದು ಯಕ್ಷಗಾನ ಮೇಳಕ್ಕೆ ಹರಕೆ ಆಟ (ಹರಕೆ ಹೊತ್ತವರು ಆಡಿಸುವ ಪ್ರದರ್ಶನ) ಬುಕ್ ಮಾಡುವ ಆ್ಯಪ್ ಮಾಡಿಕೊಟ್ಟಿದ್ದೇವೆ, ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ರೂಬಿ ಆನ್ ರೈಲ್ಸ್‌ನಲ್ಲಿ. ಕ್ಯಾಲೆಂಡರ್‌ನಲ್ಲಿ ಖಾಲಿ ದಿನ ಒತ್ತಿದರೆ ಫಾರ್ಮ್ ತೆರೆಯುತ್ತದೆ, ಅಷ್ಟೇ. ಆದರೆ ಎರಡು ವಿಷಯ ತಪ್ಪುವಂತಿಲ್ಲ. ಮೇ ಕೊನೆಯ ಪತ್ತನಾಜೆಯ ದಿನ ಮೇಳ ಗೆಜ್ಜೆ ಬಿಚ್ಚಿ ಆ ವರ್ಷದ ಆಟ ಮುಗಿಸಿದ ಮೇಲೆ, ಮುಂದಿನ ತಿರುಗಾಟ (ಊರೂರಿನ ಆಟಗಳ ಋತು) ಶುರುವಾಗುವವರೆಗೆ ಯಾವ ದಿನವೂ ಸಿಗಬಾರದು. ಮತ್ತೆ, ಇಬ್ಬರು ಒಂದೇ ದಿನಕ್ಕೆ ಕೈ ಹಾಕಿದರೆ ಒಬ್ಬರಿಗೆ ಮಾತ್ರ ಸಿಗಬೇಕು. “ಒಂದೇ ರಾತ್ರಿ ಎರಡು ಕಡೆ ಆಟ ಆಡ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎಂದು ಮೇಳದ ಮ್ಯಾನೇಜರ್ ಮೊದಲೇ ಹೇಳಿದ್ದರು.

ಇದನ್ನೆಲ್ಲ ಟೆಸ್ಟ್ ಮಾಡಲು, ಬ್ರೌಸರ್ ಇಲ್ಲದೆಯೇ ಪುಟವನ್ನು ಅನುಕರಿಸುವ ಜೆಎಸ್‌ಡಾಮ್ ಸಾಲುವುದಿಲ್ಲ. ಅದು ಪುಟವನ್ನು ಪರದೆಯ ಮೇಲೆ ಜೋಡಿಸುವುದೇ ಇಲ್ಲ. ಯಾವ ಎಲಿಮೆಂಟ್‌ನ ಅಳತೆ ಕೇಳಿದರೂ ಸೊನ್ನೆ. ದಿನದ ಚೌಕ ಮೇಲಿನ ಪಟ್ಟಿಯ ಹಿಂದೆ ಅಡಗಿದ್ದರೂ ಟೆಸ್ಟ್ ಪಾಸ್ ಆಗುತ್ತದೆ. ದಿನಾಂಕ ಲೆಕ್ಕ ಹಾಕುವ ಫಂಕ್ಷನ್‌ಗಳಿಗೆ ಅದನ್ನು ಇಟ್ಟುಕೊಳ್ಳಿ, ಉಳಿದದ್ದಕ್ಕೆ ನಿಜವಾದ ಬ್ರೌಸರೇ ಬೇಕು. ಸೈಪ್ರೆಸ್, ಪ್ಲೇರೈಟ್, ಕ್ಯಾಪಿಬಾರಾ ಮೂರೂ ಅಂಥ ಬ್ರೌಸರನ್ನು ನಡೆಸಿ, ಬಳಕೆದಾರರ ಹಾಗೆ ಒತ್ತಿ ನೋಡುವ ಸಾಧನಗಳು.

ಕೈಗೆ ತುಂಬ ಹಿತವಾಗಿದ್ದದ್ದು ಸೈಪ್ರೆಸ್. ಟೆಸ್ಟ್ ಓಡಿದ ಮೇಲೆ ಎಡಗಡೆ ಒಂದೊಂದು ಹೆಜ್ಜೆಯನ್ನೂ ಒತ್ತಿ, ಆ ಕ್ಷಣದಲ್ಲಿ ಪುಟ ಹೇಗಿತ್ತು ಅಂತ ನೋಡಬಹುದು. ಹೊಸದಾಗಿ ಸೇರಿದ ಹುಡುಗಿ ಯಾರನ್ನೂ ಕೇಳದೆ ಅದನ್ನು ಕಲಿತಳು. ಆದರೆ ಸೈಪ್ರೆಸ್ ಕೆಲಸ ಮಾಡುವುದು ಬ್ರೌಸರ್‌ನ ಒಳಗೇ ಕೂತು, ನಮ್ಮ ಆ್ಯಪ್‌ನ ಜೊತೆಗೇ. ಹಾಗಾಗಿ ಎರಡು ಬ್ರೌಸರ್‌ಗಳನ್ನು ಒಟ್ಟಿಗೆ ನಡೆಸಲು ಅದರಿಂದ ಆಗದು. ನಮಗೆ ಬೇಕಾಗಿದ್ದದ್ದೇ ಅದು! ಎರಡನೆಯವರ ಬುಕಿಂಗನ್ನು ಹಿಂದಿನಿಂದ ಸರ್ವರ್‌ಗೆ ನೇರವಾಗಿ ಕಳಿಸಬಹುದು, ನಿಜ. ಆದರೆ ಅವರ ಹೆಸರಲ್ಲಿ ಲಾಗಿನ್ ಮಾಡಿದ ಕೂಡಲೇ ಆ ಲಾಗಿನ್‌ನ ಗುರುತಾದ ಕುಕೀ ಬ್ರೌಸರ್‌ಗೂ ಬಂದು ಕೂರುತ್ತದೆ, ಮೊದಲನೆಯವರ ಲಾಗಿನ್ ಹೋಗುತ್ತದೆ. ಸುತ್ತಿ ಬಳಸಿ ದಾರಿ ಮಾಡಬಹುದು. ಮಾಡಿದರೆ ಟೆಸ್ಟ್ ಓದಿದವರಿಗೆ ಏನು ನಡೀತಿದೆ ಅಂತ ಗೊತ್ತಾಗುವುದಿಲ್ಲ.

ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್‌ಗೆ ಇದು ಲೆಕ್ಕಕ್ಕೇ ಇಲ್ಲ. ಒಂದೇ ಟೆಸ್ಟ್‌ನಲ್ಲಿ ಎರಡು ಕಾಂಟೆಕ್ಸ್ಟ್ (ಒಂದಕ್ಕೊಂದು ಸಂಬಂಧವಿಲ್ಲದ ಬ್ರೌಸರ್ ಸೆಷನ್) ತೆರೆದರೆ ಇಬ್ಬರ ಕುಕೀಗಳೂ ಬೇರೆ ಬೇರೆ. ಬಟನ್ ಒತ್ತುವ ಸ್ಥಿತಿಗೆ ಬರುವವರೆಗೆ ತಾನೇ ಕಾಯುತ್ತದೆ. ಫೇಲ್ ಆದರೆ ಟ್ರೇಸ್ ಫೈಲ್ ತೆರೆದು ಎಲ್ಲವನ್ನೂ ಮತ್ತೆ ನೋಡಬಹುದು. ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ (ಸಫಾರಿ ಬ್ರೌಸರ್‌ನ ಎಂಜಿನ್) ಮೂರರಲ್ಲೂ ಓಡುತ್ತದೆ. ಬ್ರೌಸರ್ ನಡೆಸುವ ಕೆಲಸದಲ್ಲಿ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ.

ತೊಂದರೆ ಶುರುವಾಗುವುದು ಡೇಟಾಬೇಸ್ ಹತ್ತಿರ. ಪ್ಲೇರೈಟ್ ಟೆಸ್ಟ್ ನೋಡ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸುವ Node.js) ಓಡುತ್ತದೆ, ರೈಲ್ಸ್ ಬೇರೆ ಕಡೆ. “ಡಿಸೆಂಬರ್ 12 ಬುಕ್ ಆಗಿದೆ” ಎಂಬ ಒಂದು ಸಾಲು ಹಾಕಬೇಕಾದರೂ ಟೆಸ್ಟ್‌ಗೆಂದೇ ಸರ್ವರ್‌ನಲ್ಲಿ ಒಂದು ರೂಟ್ (ವಿಳಾಸ) ಬರೆಯಬೇಕು, ಕೊನೆಗೆ ಅಳಿಸಲು ಇನ್ನೊಂದು. ಮೇಲಾಗಿ ಅದು ಟೆಸ್ಟ್ ಫೈಲ್‌ಗಳನ್ನು ಒಟ್ಟೊಟ್ಟಿಗೆ ಓಡಿಸುತ್ತದೆ. ಡೇಟಾಬೇಸ್ ಒಂದೇ ಆದರೆ ಒಂದು ಟೆಸ್ಟ್ ಅಳಿಸಿದ್ದು ಇನ್ನೊಂದರ ಬುಕಿಂಗ್ ಆಗಿರುತ್ತದೆ. ಸೈಪ್ರೆಸ್‌ನಲ್ಲೂ ಡೇಟಾ ಹಾಕುವ ಗೋಳು ಇದೇ.

ರೈಲ್ಸ್‌ನ ಸ್ವಂತ ಸಿಸ್ಟಂ ಟೆಸ್ಟ್ ಗೆಲ್ಲುವುದು ಇಲ್ಲೇ. ಕ್ಯಾಪಿಬಾರಾ ಮೊದಲೇ ಇತ್ತು. ಅದನ್ನು 2017ರಲ್ಲಿ ರೈಲ್ಸ್‌ನ 5.1ನೇ ಆವೃತ್ತಿ ಫ್ರೇಮ್‌ವರ್ಕ್‌ನ ಒಳಗೇ ಜೋಡಿಸಿಕೊಟ್ಟಿತು. ಆ್ಯಪನ್ನು ನಡೆಸುವ ಪ್ಯೂಮಾ ಸರ್ವರ್ ಟೆಸ್ಟ್ ಇರುವ ಪ್ರೊಸೆಸ್‌ನ ಇನ್ನೊಂದು ಥ್ರೆಡ್‌ನಲ್ಲೇ ಓಡುತ್ತದೆ, ಡೇಟಾಬೇಸ್ ಕನೆಕ್ಷನ್ ಟೆಸ್ಟ್‌ಗೂ ಸರ್ವರ್‌ಗೂ ಒಂದೇ. ಟೆಸ್ಟ್‌ನಲ್ಲಿ ಹಾಕಿದ ಸಾಲು ಬ್ರೌಸರ್‌ಗೆ ಕಾಣುತ್ತದೆ, ಟೆಸ್ಟ್ ಮುಗಿದ ಕೂಡಲೇ ಡೇಟಾಬೇಸ್ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗಿ (ಬದಲಾವಣೆ ಉಳಿಯದೆ ಹಿಂದಕ್ಕೆ ಹೋಗಿ) ಮಾಯ. ಇಬ್ಬರು ಬಳಕೆದಾರರಿಗೆ ಕ್ಯಾಪಿಬಾರಾದ ‘ಯೂಸಿಂಗ್ ಸೆಷನ್’ ಸಾಕು: ಇಬ್ಬರೂ ಕ್ಯಾಲೆಂಡರ್ ತೆರೆಯುತ್ತಾರೆ, ಒಬ್ಬರು ಬುಕ್ ಮಾಡುತ್ತಾರೆ, ಇನ್ನೊಬ್ಬರು ಒತ್ತಿದಾಗ “ಈ ದಿನ ಆಗಲೇ ಹೋಗಿದೆ” ಅಂತ ಬರಬೇಕು. ಆದರೆ ಕನೆಕ್ಷನ್ ಒಂದೇ ಆದ್ದರಿಂದ ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದಾಗಿನ ಡೇಟಾಬೇಸ್ ಲಾಕ್ ಇದರಲ್ಲಿ ಪರೀಕ್ಷೆ ಆಗುವುದಿಲ್ಲ. ಅದೊಂದು ಟೆಸ್ಟ್‌ಗೆ ಟ್ರಾನ್ಸಾಕ್ಷನ್ ತೆಗೆದುಹಾಕಿ, ಕೊನೆಗೆ ನಾವೇ ಗುಡಿಸಬೇಕು.

ಕಾಯುವ ವಿಷಯದಲ್ಲಿ ಕ್ಯಾಪಿಬಾರಾ ಸ್ವಲ್ಪ ಹಿಂದೆ. ‘ಅಸರ್ಟ್ ಟೆಕ್ಸ್ಟ್’ ಬಳಸಿದರೆ ಅಕ್ಷರ ಬರುವವರೆಗೆ 2 ಸೆಕೆಂಡ್ ನೋಡುತ್ತದೆ. ಎಲಿಮೆಂಟ್ ಹುಡುಕಿ, ಅದರ ಟೆಕ್ಸ್ಟ್ ತೆಗೆದು, ಆಮೇಲೆ ಹೋಲಿಸಿದರೆ ಕಾಯುವುದಿಲ್ಲ. ನಮ್ಮಲ್ಲಿ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತಿದ್ದ ಟೆಸ್ಟ್‌ಗಳಲ್ಲಿ ಜಾಸ್ತಿ ಪಾಲು ಈ ಬಗೆಯವೇ. ಅಲ್ಲಿ ಸುಮ್ನೆ ‘ಸ್ಲೀಪ್’ (ಇಷ್ಟು ಸೆಕೆಂಡ್ ನಿಲ್ಲು ಎನ್ನುವ ಆಜ್ಞೆ) ತುರುಕಬೇಡಿ, ಸಾಲನ್ನೇ ಬದಲಿಸಿ.

ಪತ್ತನಾಜೆಯ ಟೆಸ್ಟ್ ಮಾತ್ರ ಮೂರನ್ನೂ ಸತಾಯಿಸಿತು. ರೈಲ್ಸ್‌ನ ‘ಟ್ರಾವೆಲ್ ಟು’ ರೂಬಿಯ ಗಡಿಯಾರವನ್ನು ಮೇ ಕೊನೆಗೆ ಒಯ್ಯುತ್ತದೆ, ಆದರೆ ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ಗೆ ಇವತ್ತು ಇವತ್ತೇ. ಸೈಪ್ರೆಸ್ ಮತ್ತು ಪ್ಲೇರೈಟ್ ಬ್ರೌಸರ್‌ನ ಗಡಿಯಾರ ತಿರುಗಿಸುತ್ತವೆ, ಸರ್ವರ್‌ನದ್ದು ಅವುಗಳ ಕೈಗೆ ಸಿಗುವುದಿಲ್ಲ. ಕೊನೆಗೆ ಆ್ಯಪನ್ನೇ ತಿದ್ದಿದೆವು. ಇವತ್ತಿನ ದಿನಾಂಕವನ್ನು ಸರ್ವರ್ ಕೊಡುತ್ತದೆ, ಕ್ಯಾಲೆಂಡರ್ ಅದನ್ನೇ ನಂಬುತ್ತದೆ. ಊರಿಂದ ದೂರ ಇದ್ದು, ಮೊಬೈಲ್‌ನಲ್ಲಿ ಬೇರೆ ದೇಶದ ಸಮಯ ಇಟ್ಟುಕೊಂಡವರಿಗೂ ಇದರಿಂದ ಒಳ್ಳೆಯದೇ ಆಯಿತು.

ಈಗ ನಮ್ಮ ಟೆಸ್ಟ್‌ಗಳೆಲ್ಲ ಕ್ಯಾಪಿಬಾರಾದಲ್ಲೇ ಇವೆ. ಹಗಲು ಕ್ರೋಮ್‌ನಲ್ಲಿ ಓಡುತ್ತವೆ. ಕ್ಯಾಪಿಬಾರಾಕ್ಕೆ ಪ್ಲೇರೈಟ್ ಡ್ರೈವರ್ ಜೆಮ್ (ರೂಬಿ ಲೈಬ್ರರಿ) ಸಿಗುತ್ತದೆ, ಅದನ್ನು ಹಾಕಿ ಅವೇ ಟೆಸ್ಟ್‌ಗಳನ್ನು ರಾತ್ರಿ ವೆಬ್‌ಕಿಟ್‌ನಲ್ಲಿ ಓಡಿಸುತ್ತೇವೆ. ಮುಂಬೈ, ಗಲ್ಫ್‌ನಿಂದ ಆಟ ಆಡಿಸುವವರಲ್ಲಿ ಐಫೋನ್‌ನವರು ತುಂಬ ಜನ. ಆದರೂ ಲಿನಕ್ಸ್‌ನಲ್ಲಿ ಓಡುವ ವೆಬ್‌ಕಿಟ್ ಐಫೋನ್‌ನ ಸಫಾರಿ ಅಲ್ಲ, ಹಾಗಾಗಿ ಕ್ಯಾಲೆಂಡರ್ ಮುಟ್ಟಿದಾಗಲೆಲ್ಲ ಒಂದು ನಿಜವಾದ ಫೋನ್‌ನಲ್ಲಿ ಕೈಯಾರೆ ನೋಡಿಯೇ ಬಿಡುಗಡೆ ಮಾಡುತ್ತೇವೆ.